ಶೇವಂಡಕ್ಕೆ ಹಚ್ಚಿಕೊಳ್ಳಲು ಏನು?

ಊಟಕ್ಕೆ ಕುಳಿತವರು ಮೊದಲು ಏನು ಕೇಳುತ್ತಾರೆ ಎಂಬುದರ ಮೇಲೆ ಅವರು ಯಾವ ಸೀಮೆಯವರೆಂದು ಹೇಳಿಬಿಡಬಹುದು. ಕೆಲವರು ‘ಇವತ್ತು ಏನು ಸಾರು?’ ಎನ್ನುತ್ತಾರೆ. ಕೆಲವರು ‘ಅನ್ನ ಆಯಿತೇ?’ ಎನ್ನುತ್ತಾರೆ. ನಮ್ಮ ಬಸವಕಲ್ಯಾಣ, ಹುಮನಾಬಾದ ಕಡೆಯವರು ಮಾತ್ರ ತಾಟಿನ ಮುಂದೆ ಕುಳಿತು, ರೊಟ್ಟಿಗೆ ಕೈ ಹಾಕುವ ಮೊದಲೇ, ‘ಹಚ್ಕೊಳ್ಳಾಕ ಏನದ?’ ಎಂದು ಕೇಳುತ್ತಾರೆ. ರೊಟ್ಟಿ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಅದು ಇದ್ದೇ ಇರುತ್ತದೆ. ಪ್ರಶ್ನೆಯೆಲ್ಲ ಅದಕ್ಕೆ ಹಚ್ಚಿಕೊಳ್ಳುವುದರದು. ಈ ಪ್ರಶ್ನೆಗೆ ದಿನವೂ ಹೊಸ ಉತ್ತರ ಹುಡುಕಿ ಸೋತು ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ತವರಿಗೆ ಹೋಗಿ ಕುಳಿತದ್ದನ್ನು ನಾನು ಬಲ್ಲೆ. ಗಂಡಸರಾದ ನಮಗೆ ಕೇಳುವುದಷ್ಟೇ ಕೆಲಸ, ಉತ್ತರ ಕೊಡುವ ತಾಪತ್ರಯವಿಲ್ಲ. ಹಾಗಂದುಕೊಂಡೇ ನಾನೂ ಬದುಕಿದ್ದೆ. ಆದರೆ ಒಂದು ಸಲ ಈ ಪ್ರಶ್ನೆ ತಿರುಗಿ ನನ್ನ ತಲೆಯ ಮೇಲೆಯೇ ಬಂದು ಕೂತಿತು. ಅದೂ ರೊಟ್ಟಿಯ ವಿಷಯವಲ್ಲ. ಕುತ್ತಿಗೆಯಲ್ಲಿ ಲಿಂಗ ಕಟ್ಟಿಕೊಂಡ ಮನೆಯಲ್ಲಿ ಹುಟ್ಟಿ, ಮೀನನ್ನು ಪಂಚಾಂಗದ ರಾಶಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಹತ್ತಿರದಿಂದ ನೋಡದ ನಾನು, ಸಮುದ್ರದ ಒಂದು ಪ್ರಾಣಿಗೆ ಹಚ್ಚಿಕೊಳ್ಳಲು ಏನು ಚೆನ್ನ ಎಂದು ನಿರ್ಧರಿಸಬೇಕಾಗಿ ಬಂತು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುಮನಾಬಾದಿನಲ್ಲಿ ರಸ್ತೆ ಕೆಲಸ ನೋಡಿಕೊಳ್ಳುವ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಚಿಕ್ಕಂದಿನಲ್ಲಿ ಉರ್ದು ಕಲಿತು, ರಾಜ್ಯ ಒಂದಾದ ಮೇಲೆ ಕನ್ನಡದಲ್ಲಿ ಕಾಗದ ಬರೆಯಲು ತಡವರಿಸುತ್ತಿದ್ದ ಕಾಲದವನು ನಾನು. ಬೆಂಗಳೂರಿನವರು ಕಳಿಸಿದ ಕಾಗದಗಳನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅವರೇ ಇನ್ನೊಂದು ಕಾಗದ ಕಳಿಸುತ್ತಿದ್ದರು. ರಾಜ್ಯ ಒಂದಾದದ್ದರ ಇನ್ನೊಂದು ಫಲವೆಂದರೆ, ಯಾವ ಯಾವುದೋ ದಿಕ್ಕಿನ ಅಧಿಕಾರಿಗಳು ವರ್ಗವಾಗಿ ನಮ್ಮಲ್ಲಿಗೆ ಬರತೊಡಗಿದ್ದು. ನಕ್ಷೆಯ ಮೇಲೆ ನಾವೆಲ್ಲ ಒಂದೇ ಆಗಿದ್ದೆವು. ಊಟದ ತಾಟಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಬಂದವರು ನಮ್ಮ ಬಿಸಿಲು ನೋಡಿ ಒಂದು ಸಲ, ನಮ್ಮ ಜೋಳದ ರೊಟ್ಟಿ ನೋಡಿ ಇನ್ನೊಂದು ಸಲ ನಿಟ್ಟುಸಿರು ಬಿಟ್ಟು, ಮರುದಿನವೇ ವರ್ಗಕ್ಕೆ ಅರ್ಜಿ ಹಾಕುತ್ತಿದ್ದರು.

ಹಾಗೆ ಬಂದವರಲ್ಲಿ ರಾಯ್ಕರ ಸಾಹೇಬರು ಒಬ್ಬರು. ಕಾರವಾರದ ಕಡೆಯವರು, ನಮ್ಮ ಇಂಜಿನಿಯರ್. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹೊಸದಾಗಿ ಮದುವೆಯಾದವರು. ಕೆಲಸದಲ್ಲಿ ಬಹಳ ಬಿಗಿ. ಆದರೆ ಊಟದ ಹೊತ್ತಿಗೆ ತಮ್ಮ ಡಬ್ಬಿ ಬಿಚ್ಚಿ, ಅದರಲ್ಲಿದ್ದ ಅನ್ನವನ್ನು ಬೇಸರದಿಂದ ನೋಡಿ, ನನ್ನ ಡಬ್ಬಿಯ ಕಡೆ ಕಣ್ಣು ಹಾಯಿಸುತ್ತಿದ್ದರು. ಒಮ್ಮೆ ಸಂಕೋಚದಿಂದಲೇ ಅಗಸಿ ಹಿಂಡಿ ಮುಂದಿಟ್ಟೆ. ನಮ್ಮ ಕಡೆ ಹಿಂಡಿ ಎಂದರೆ ಹುರಿದು ಕುಟ್ಟಿದ ಒಣ ಚಟ್ನಿ, ಅಗಸಿ ಎಂದರೆ ಅಗಸೆ ಬೀಜ. ಅವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚಪ್ಪರಿಸಿದರು. ಅಂದಿನಿಂದ ನನ್ನ ಡಬ್ಬಿಯಲ್ಲಿ ಹಿಂಡಿ ಎರಡು ಪಾಲು ಬರತೊಡಗಿತು.

ಆ ಹಿಂಡಿ ಶಾಂತವ್ವತ್ತೆಯದು. ಅತ್ತೆ ನನ್ನ ತಂದೆಯ ಅಕ್ಕ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಸವಕಲ್ಯಾಣದ ನಮ್ಮ ಮನೆಗೆ ಬಂದವಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು. ನನಗೆ ಹುಮನಾಬಾದಿನಲ್ಲಿ ಕೆಲಸ ಸಿಕ್ಕಿತೆಂದಾಗ, ‘ನೌಕರಿ ನಿನಗ ಸಿಕ್ಕದ, ಅಡಗಿ ಮನಿ ನನಗ ಸಿಕ್ಕದ, ನಡಿ’ ಎಂದು ತನ್ನ ಒರಳನ್ನೂ ಹೇರಿಕೊಂಡು ನನ್ನ ಜೊತೆ ಹೊರಟಳು. ಅಗಸಿ ಕೊಹಿನೂರ ಹಳ್ಳಿಯದ್ದೇ ಆಗಬೇಕು, ಗುರೆಳ್ಳು ರಾಜೇಶ್ವರ ಊರಿನದ್ದೇ ಆಗಬೇಕು, ಕುಟ್ಟುವಾಗ ಯಾರೂ ಮಾತಾಡಬಾರದು ಎಂದು ಅವಳ ಕಾನೂನು. ನನ್ನ ಹೆಂಡತಿ ಮಹಾದೇವಿ ಮದುವೆಯಾಗಿ ಬಂದ ಹೊಸದರಲ್ಲಿ ಒನಕೆ ಹಿಡಿಯಲು ಹೋಗಿ, ‘ಮೊದಲ ನೋಡಿ ಕಲಿಯವ್ವಾ’ ಎನ್ನಿಸಿಕೊಂಡು ವರ್ಷಗಟ್ಟಲೆ ಬರೀ ನೋಡುತ್ತಿದ್ದಳು. ಈಗಲೂ ಬಿಸಿಲಿನ ಮಧ್ಯಾಹ್ನ ಎಲ್ಲಾದರೂ ಅಗಸಿ ಹುರಿಯುವ ವಾಸನೆ ಬಂದರೆ ನನಗೆ ಆ ಅಡಿಗೆಮನೆ ನೆನಪಾಗುತ್ತದೆ.

ಒಂದು ದಿನ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಯಾವುದೋ ಕಾಗದದಲ್ಲಿ ಎಡವಟ್ಟಾಗಿದೆ ಎಂದು ನಾನು ಬೆವರಿದೆ. ಅವರು ಮೇಜಿನ ಮೇಲಿನ ಕಾಗದ ಸರಿಸಿ, “ಶಿವರಾಜ್, ನನ್ನ ಹೆಂಡತಿ ಊಟ ಬಿಟ್ಟಿದ್ದಾಳೆ,” ಎಂದರು. ಸುಮನಬಾಯಿ ಇಲ್ಲಿಗೆ ಬಂದಾಗಿನಿಂದ ಸರಿಯಾಗಿ ಉಂಡಿಲ್ಲವಂತೆ. ಜಗಳವಿಲ್ಲ, ದೂರಿಲ್ಲ. ತಾಟಿನ ಮುಂದೆ ಕೂರುತ್ತಾರೆ, ಎರಡು ತುತ್ತು ತಿಂದು ಏಳುತ್ತಾರೆ. ಮೈ ಕಡ್ಡಿಯಾಗಿದೆ. ಸುದ್ದಿ ತಿಳಿದ ಅವರ ತಂದೆ ಬಂದು ಮಗಳನ್ನು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಕಳಿಸಿದ್ದಾರೆ. “ಈಗ ಹೋದರೆ ಅವಳು ಮತ್ತೆ ಈ ಕಡೆ ಬರೋದಿಲ್ಲ. ನನಗೆ ಗೊತ್ತು,” ಎಂದು ಸಾಹೇಬರು ಕಿಟಕಿಯ ಕಡೆ ಮುಖ ತಿರುಗಿಸಿದರು. ಬೆಳಗ್ಗೆ ತಾನೇ ಒಬ್ಬ ಗುತ್ತಿಗೆದಾರನನ್ನು ಗದರಿಸಿ ನಡುಗಿಸಿದ ಮನುಷ್ಯನ ಕಣ್ಣು ಒದ್ದೆಯಾದದ್ದನ್ನು ನೋಡಿ ನಾನು ಹೋಗಿ ಫ್ಯಾನು ಜೋರು ಮಾಡಿದೆ.

ಅವರ ಉಪಾಯ ಹೀಗಿತ್ತು. ಮುಂಬಯಿಯಿಂದ ಹೈದರಾಬಾದಿಗೆ ಹೋಗುವ ಲಾರಿಗಳೆಲ್ಲ ಹುಮನಾಬಾದಿನ ಮೇಲೇ ಹೋಗುತ್ತವೆ. ಪರಿಚಯದ ಡ್ರೈವರ್ ಒಬ್ಬನಿಗೆ ಹೇಳಿ ಬರ್ಫದ ಪೆಟ್ಟಿಗೆಯಲ್ಲಿ ಶೇವಂಡ ತರಿಸುವುದು. ಇಂಗ್ಲಿಷಿನಲ್ಲಿ ಲಾಬ್‌ಸ್ಟರ್ ಎನ್ನುವುದನ್ನು ಅವರ ಕಡೆ ಶೇವಂಡ ಎನ್ನುತ್ತಾರಂತೆ. ಸುಮನಬಾಯಿಗೆ ಅದೆಂದರೆ ಪ್ರಾಣ. ತವರಿನಲ್ಲಿ ಅದಕ್ಕೆ ಹಸಿ ತೆಂಗಿನಕಾಯಿ, ಕೋಕಂ ಹುಳಿ ಹಾಕಿ ಅರೆದದ್ದನ್ನು ಹಚ್ಚಿಕೊಂಡು ತಿನ್ನುತ್ತಿದ್ದರಂತೆ. ಇಲ್ಲಿ ದೇವರಿಗೆ ಒಡೆಯುವ ಕಾಯಿಯೇ ಒಣಗಿ ಗುಡಗುಡ ಎನ್ನುತ್ತದೆ, ಕೋಕಂ ಎಂಬ ಹೆಸರನ್ನೇ ನಾನು ಕೇಳಿರಲಿಲ್ಲ. “ಶೇವಂಡ ನಾನು ತರಿಸುತ್ತೇನೆ. ಹಚ್ಚಿಕೊಳ್ಳಲು ಏನಾದರೂ ನಿಮ್ಮ ಮನೆಯಿಂದ ಆಗಬೇಕು. ನಿಮ್ಮ ಅತ್ತೆಯವರಿಗೆ ಕೇಳಿ,” ಎಂದರು. ಕೇಳುತ್ತೇನೆ ಸಾಹೇಬರೇ ಎಂದು ಹೊರಗೆ ಬಂದೆ. ಬಾಗಿಲು ದಾಟಿದ ಮೇಲೆ ಯಾರಿಗೆ ಏನು ಕೇಳಬೇಕಾಗಿದೆ ಎಂಬುದು ಹೊಳೆಯಿತು.

ಅತ್ತೆ ಆಗತಾನೇ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕುಳಿತಿದ್ದಳು. ನಾನು ಸುತ್ತಿ ಬಳಸಿ ವಿಷಯ ಹೇಳಿದೆ. ಶೇವಂಡ ಎಂದರೇನು ಎಂದು ಕೇಳಿದಾಗ, ನನಗೆ ತಿಳಿದಮಟ್ಟಿಗೆ ಕೈಯಲ್ಲಿ ಅದರ ಆಕಾರ ಮಾಡಿ ತೋರಿಸಿದೆ. ಅವಳು ಎದ್ದು ನಿಂತಳು.

“ಚೇಳು! ನಿನ್ನ ಸಾಹೇಬಗ ಹುಚ್ಚ ಹಿಡದದೇನು? ನನ್ನ ಹಿಂಡಿ ಹೋಗಿ ಆ ಚೇಳಿನ ಬಾಜೂಕ ಕೂಡಬೇಕಾ? ಶಿವ ಶಿವಾ! ಇನ್ನ ಮ್ಯಾಲ ನಿನ್ನ ಡಬ್ಬಿಗೂ ಹಿಂಡಿ ಕೊಡಂಗಿಲ್ಲ, ಹೋಗು.”

ಆಗ ಮಹಾದೇವಿ ರೊಟ್ಟಿ ತಟ್ಟುತ್ತಲೇ, ತನ್ನಷ್ಟಕ್ಕೆ ಎಂಬಂತೆ, “ಪಾಪ, ಆ ಹುಡುಗಿ ಬಂದಾಗಿಂದ ಹೊಟ್ಟಿ ತುಂಬ ಉಂಡಿಲ್ಲಂತ್ರಿ ಅತ್ತಿ,” ಎಂದಳು. ಅತ್ತೆಯ ಮುಖ ಬದಲಾಯಿತು. ಯಾರಾದರೂ ಉಣ್ಣಲಿಲ್ಲ ಎಂದರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಎಂದೋ ಚಿಕ್ಕಂದಿನಲ್ಲಿ ಗಂಡ ಸತ್ತ ಮನೆಯಲ್ಲಿ ಅವಳ ಮುಂದೆ ತಾಟು ಇಡಲು ಯಾರಿಗೂ ನೆನಪಾಗಿರಲಿಲ್ಲವೆಂದು ನನ್ನ ತಂದೆ ಒಮ್ಮೆ ಹೇಳಿದ್ದರು. ಅತ್ತೆ ಮತ್ತೆ ಕುಳಿತಳು. “ಉಣ್ಣವಲ್ಲಳೇನು?” ಎಂದಳು. ಮತ್ತೆ, “ಅಪ್ಪ ಬಂದು ಕರಕೊಂಡು ಹೋಗ್ತಾನೇನು?” ಎಂದಳು. ಕೊನೆಗೆ ತೀರ್ಪು ಬಂತು. ಹಿಂಡಿ ಕೊಡಬಹುದು. ಆದರೆ ನಮ್ಮ ಮನೆಯ ಪಾತ್ರೆ ಹೋಗಕೂಡದು. ಕುಂಬಾರರ ಸಣ್ಣ ಕುಡಿಕೆಗಳಲ್ಲಿ ಹಾಕಿ ಕೊಡತಕ್ಕದ್ದು, ಕುಡಿಕೆಗಳು ತಿರುಗಿ ಬರಕೂಡದು.

ಇನ್ನು ಯಾವ ಹಿಂಡಿ ಎಂಬ ಪ್ರಶ್ನೆ. “ಅದರ ಗುಣ ಏನು? ಉಷ್ಣಾನೋ, ಥಂಡಿನೋ? ಹುಳಿನೋ, ಸಪ್ಪಗೋ? ಗುಣ ತಿಳೀಲಾರದ ನಾ ಏನ ಕುಟ್ಟಲಿ? ಕೇಳಿಕೊಂಡು ಬಾ,” ಎಂದು ಅತ್ತೆ ನನ್ನನ್ನು ಅಟ್ಟಿದಳು. ಸಾಹೇಬರನ್ನು ಕೇಳಿದೆ. ಅವರು ಮತ್ತೆ ಕಣ್ಣು ಮುಚ್ಚಿ, “ಸಮುದ್ರದ ರುಚಿ, ಶಿವರಾಜ್. ಸಮುದ್ರದ ರುಚಿ,” ಎಂದರು. ಇದು ಉತ್ತರವೇ? ಇಂಗ್ಲಿಷರು ಅದನ್ನು ಕರಗಿಸಿದ ಬೆಣ್ಣೆಯಲ್ಲಿ ಅದ್ದಿಕೊಂಡು ತಿನ್ನುತ್ತಾರೆ ಎಂಬ ಇನ್ನೊಂದು ವಿಷಯವನ್ನೂ ಹೇಳಿದರು. ಎರಡನ್ನೂ ತಂದು ಅತ್ತೆಗೆ ಒಪ್ಪಿಸಿದೆ. ಬೆಣ್ಣೆಯ ಮಾತು ಕೇಳಿ, ‘ಅವರಿಗೂ ಜರಾ ಬುದ್ಧಿ ಅದ’ ಎಂದು ಇಂಗ್ಲಿಷರ ಬಗ್ಗೆ ತನ್ನ ಬದುಕಿನ ಏಕೈಕ ಒಳ್ಳೆಯ ಮಾತು ಆಡಿದಳು.

“ಸಮುದ್ರ ಹ್ಯಾಂಗಿರ್ತದ?” ಎಂದು ಕೇಳಿದಳು.

ಆ ಮನೆಯಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಓದಿದವನು ನಾನೊಬ್ಬನೇ. “ಉಪ್ಪ ಇರ್ತದ ಅತ್ತಿ. ನೀರೆಲ್ಲಾ ಉಪ್ಪು. ಸಾಲ್ಯಾಗ ಓದೀನಿ,” ಎಂದು ಗಂಭೀರವಾಗಿ ಹೇಳಿದೆ. ಭೂಗೋಳದಲ್ಲಿ ನನಗೆ ನೆನಪಿದ್ದ ಸಂಗತಿ ಅದೊಂದೇ ಆದ್ದರಿಂದ ದನಿ ಬಹಳ ಗಟ್ಟಿಯಾಗಿತ್ತು.

ಅತ್ತೆ ತಲೆದೂಗಿದಳು. “ಹಂಗಾದ್ರ ಅದು ಹುಟ್ಟಿದಾಗಿಂದ ಉಪ್ಪಿನ ನೀರಾಗ ನೆನಿಯಾಕತ್ತದ. ಉಪ್ಪಿನಕಾಯಿಗಿ ಯಾರರ ಮತ್ತ ಉಪ್ಪ ಹಾಕ್ತಾರೇನು? ಹಿಂಡಿಗಿ ಉಪ್ಪು ಹಾಕೂದ ಬ್ಯಾಡ. ಉಪ್ಪಿನ ಮ್ಯಾಲ ಉಪ್ಪು ಬಿದ್ರ ಹುಡುಗಿ ಬಾಯಿ ಸುಟ್ಟ ಹೋಗ್ತದ.”

ಇದಕ್ಕಿಂತ ಸರಿಯಾದ ತರ್ಕ ನಾನು ಯಾವ ಅಧಿಕಾರಿಯ ಬಾಯಲ್ಲೂ ಕೇಳಿರಲಿಲ್ಲ. ಮಹಾದೇವಿ ಮಾತ್ರ, “ಒಮ್ಮಿ ಸಾಹೇಬರಿಗಿ ಕೇಳಿ ಬರ್ರಿ,” ಎಂದಳು. ಇಷ್ಟು ಸ್ಪಷ್ಟವಾದ ವಿಷಯಕ್ಕೆ ಸಾಹೇಬರನ್ನು ಕೇಳಿದರೆ ನಮ್ಮ ಮರ್ಯಾದೆ ಏನಾಗಬೇಕು ಎಂದು ನಾನು ಅವಳನ್ನು ಸುಮ್ಮನಾಗಿಸಿದೆ. ಆಮೇಲೆ ಆಯ್ಕೆ ನಡೆಯಿತು. ಶೇಂಗಾ ಹಿಂಡಿ ಜಡ, ಬಹಳ ದಿನ ಉಣ್ಣದ ಹೊಟ್ಟೆಗೆ ತಡೆಯದು, ಬೇಡ. ಹಸಿ ಕೆಂಪು ಮೆಣಸಿನಕಾಯಿ ಅರೆದ ರಂಜಕಕ್ಕೆ ನಾನು ಬಹಳ ವಕಾಲತ್ತು ಮಾಡಿದೆ. ಅದು ನಿನ್ನ ನಾಲಿಗೆಗೆ, ಆ ಹುಡುಗಿಯ ನಾಲಿಗೆಗೆ ಅಲ್ಲ ಎಂದು ಅತ್ತೆ ತಳ್ಳಿಹಾಕಿದಳು. ಹುಣಸೆಕಾಯಿ ತೊಕ್ಕು ಉಪ್ಪಿನಲ್ಲೇ ಕಳಿತದ್ದು, ಅದೂ ಬೇಡ. ಅಗಸಿ ತಂಪು, ಜಿಡ್ಡಿನದು, ಅದು ಇರಲಿ. ಗುರೆಳ್ಳು ಇರಲಿ. ಹುಣಸೆಹಣ್ಣು, ಬೆಲ್ಲ ಕಲೆಸಿ ಒಂದು. ಇಂಗ್ಲಿಷರ ಮರ್ಯಾದೆಗೆ ಹೊಸ ಬೆಣ್ಣೆ ಒಂದು. ನಾಲ್ಕೂ ಕುಡಿಕೆಗಳಲ್ಲಿ ಉಪ್ಪಿನ ಒಂದು ಹರಳೂ ಬೀಳದಂತೆ ಅತ್ತೆ ಕಾದು ನಿಂತು ನೋಡಿಕೊಂಡಳು.

ಆ ರವಿವಾರ ಬೆಳಗ್ಗೆ ಲಾರಿ ಬಂತು. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಮರದ ಹೊಟ್ಟು, ಬಹುಪಾಲು ಕರಗಿದ ಬರ್ಫ, ಅದರ ನಡುವೆ ಗೇಣುದ್ದದ ಮೀಸೆಗಳನ್ನು ಚಾಚಿಕೊಂಡು ಎರಡು ಶೇವಂಡ. ಸಾಹೇಬರ ಕ್ವಾರ್ಟರ್ಸಿನ ಮುಂದೆ ಓಣಿಯ ಅರ್ಧ ಮಂದಿ ಸೇರಿದರು. ಕಬ್ಬಿನ ಗಾಡಿ ನಿಲ್ಲಿಸಿ ಇಳಿದು ಬಂದ ಹಳ್ಳಿಖೇಡದ ಗೌಡರೊಬ್ಬರು ಬಹಳ ಹೊತ್ತು ನೋಡಿ, “ಮೀಸಿ ನೋಡಿದ್ರ ಹಿಂದಿನ ಜನ್ಮದಾಗ ಜಮಾದಾರ ಇದ್ದಂಗ ಕಾಣ್ತದ,” ಎಂದು ಹೋದರು. ಅತ್ತೆ ಯಾರನ್ನೂ ನಂಬದೆ ಕುಡಿಕೆಗಳ ಬುಟ್ಟಿಯ ಜೊತೆ ತಾನೇ ಬಂದಿದ್ದಳು. ಒಳಗೆ ಹೋಗಲು ಒಪ್ಪದೆ ವರಾಂಡದಲ್ಲಿ ಬಾಗಿಲಿಗೆ ಬೆನ್ನು ಮಾಡಿ, ಅಂಗಳದ ಬೇವಿನ ಮರವನ್ನು ನೋಡುತ್ತ ಕುಳಿತಳು. ಒಳಗೆ ಸಾಹೇಬರು, ಹೊರಗೆ ಅತ್ತೆ. ಎರಡೂ ಕಡೆ ಸಲ್ಲುವ ನಾನು ಹೊಸ್ತಿಲಲ್ಲಿ ನಿಂತೆ. ಒಳಗಿನಿಂದ ಬರುತ್ತಿದ್ದ ವಾಸನೆಗೆ ಉಸಿರು ಹಿಡಿಯುವುದು, ಅತ್ತೆ ತಿರುಗಿದರೆ ಏನೂ ಆಗದವನಂತೆ ಬಿಡುವುದು, ಇದು ನನ್ನ ಕೆಲಸವಾಗಿತ್ತು.

ಸುಮನಬಾಯಿ ತಾಟಿನ ಮುಂದೆ ಕುಳಿತರು. ನಾನು ಅವರನ್ನು ಸರಿಯಾಗಿ ನೋಡಿದ್ದು ಅಂದೇ. ಮಣಿಕಟ್ಟಿನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಒಂದು ತುಂಡನ್ನು ಅಗಸಿ ಹಿಂಡಿಗೆ ಅದ್ದಿ ಬಾಯಿಗಿಟ್ಟರು. ಸಾಹೇಬರು ತಿನ್ನದೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಸುಮನಬಾಯಿ ಅಗಿದರು, ನಿಲ್ಲಿಸಿದರು. ಗುರೆಳ್ಳಿಗೆ ಅದ್ದಿದರು, ನಿಲ್ಲಿಸಿದರು. ಬೆಲ್ಲದ ಹುಳಿ, ಆಮೇಲೆ ಬೆಣ್ಣೆ. ಮತ್ತೆ ಅಗಸಿ. ಆಮೇಲೆ ಕುಡಿಕೆಯನ್ನು ಕೈಯಲ್ಲಿ ಹಿಡಿದು ಎದ್ದುಬಿಟ್ಟರು. ಮುಗಿಯಿತು, ಇವತ್ತೇ ತವರಿಗೆ ಹೊರಟರು ಎಂದು ನಾನು ಗೋಡೆಗೆ ಒರಗಿದೆ. ಅವರು ನನ್ನನ್ನು ದಾಟಿ ವರಾಂಡಕ್ಕೆ ಬಂದು ಅತ್ತೆಯ ಮುಂದೆ ನಿಂತರು.

“ಅಜ್ಜಿ, ಇದರಲ್ಲಿ ಉಪ್ಪೇ ಇಲ್ಲ.”

ಅತ್ತೆ ಬೇವಿನ ಮರದಿಂದ ಕಣ್ಣು ತೆಗೆದಳು. “ಇಲ್ಲಾ. ಬೇಕಂತನೇ ಹಾಕಿಲ್ಲ. ಯಾಕ, ನಿಮ್ಮ ಸಮುದ್ರದಾಗ ಉಪ್ಪಿಲ್ಲೇನು?”

ಸುಮನಬಾಯಿಗೆ ಅರ್ಥವಾಗಲಿಲ್ಲ. ಅತ್ತೆ ಉಪ್ಪಿನಕಾಯಿಯ ತರ್ಕವನ್ನೆಲ್ಲ ಬಿಡಿಸಿ ಹೇಳಿದಳು. ಅದರ ಮೂಲ ನಾನೆಂದು ಕೈ ಮಾಡಿ ತೋರಿಸಲೂ ಮರೆಯಲಿಲ್ಲ. ಸುಮನಬಾಯಿ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಕುಡಿಕೆ ನೋಡಿದರು. ನಗು ಶುರುವಾಯಿತು. ನಿಂತು ನಗಲಾರದೆ ಅಲ್ಲೇ ನೆಲದ ಮೇಲೆ ಕುಳಿತು ನಕ್ಕರು. “ಅಯ್ಯೋ, ಶೇವಂಡ ಸಿಹಿ ಅಜ್ಜಿ! ಉಪ್ಪಲ್ಲ, ಸಿಹಿ!” ಎನ್ನುತ್ತಲೇ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. “ಇದೂ ನಮ್ಮೂರಿನ ಹಾಗಿಲ್ಲ. ಬರ್ಫದಲ್ಲಿ ಇದ್ದು ಇದ್ದು ರಬ್ಬರ್ ಆಗಿದೆ,” ಎಂದು ಬಿಕ್ಕಿದರು. ಬಂದಾಗಿನಿಂದ ತಡೆದಿಟ್ಟದ್ದೆಲ್ಲ ಹೊರಗೆ ಬಂತು.

ಅತ್ತೆ ಸೆರಗಿನಿಂದ ಆಕೆಯ ಮುಖ ಒರೆಸಿದಳು. ಆಮೇಲೆ ಎದ್ದು, ನನ್ನನ್ನು ಪಕ್ಕಕ್ಕೆ ಸರಿಸಿ, ಹೊಸ್ತಿಲು ದಾಟಿ ನೇರವಾಗಿ ಆ ಅಡಿಗೆಮನೆಗೆ ಹೋದಳು. ಹಣೆಯ ಮೇಲೆ ವಿಭೂತಿ ಹಾಗೆಯೇ ಇತ್ತು. ಉಪ್ಪಿನ ಡಬ್ಬಿ ಹುಡುಕುವಾಗ ಒಲೆಯ ಮೇಲಿನ ಪಾತ್ರೆಯಲ್ಲಿದ್ದ ಇನ್ನೊಂದು ಶೇವಂಡ ಅವಳ ಕಣ್ಣಿಗೆ ಬಿತ್ತು. ಬಗ್ಗಿ ನೋಡಿ, “ಪಾಪ, ಹ್ಯಾಂಗ ಕೆಂಪಗಾಗ್ಯದ,” ಎಂದು ಮುಚ್ಚಳ ಮುಚ್ಚಿದಳು. ಉಪ್ಪು, ಶೇಂಗಾ ಎಣ್ಣೆ ತಂದು ಅಗಸಿ ಹಿಂಡಿಗೆ ಕಲೆಸಿದಳು. ತನ್ನ ಬುತ್ತಿಯ ರೊಟ್ಟಿ ಬಿಚ್ಚಿ ಮುರಿದು, “ಬಾಯಿ ತೆಗಿ ಮಗಳ,” ಎಂದಳು. ಸುಮನಬಾಯಿ ಅಳುತ್ತಲೇ ಬಾಯಿ ತೆಗೆದರು. ಒಂದು ರೊಟ್ಟಿ ಮುಗಿಯಿತು, ಇನ್ನೊಂದೂ ಮುಗಿಯಿತು. ಒಳಗೆ ಸಾಹೇಬರು ತಮ್ಮ ಪಾಲಿನ ರಬ್ಬರನ್ನು ಕಣ್ಣೀರು ಹಾಕುತ್ತ ಅಗಿಯುತ್ತಿದ್ದರು. ಅತ್ತೆ ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡಳು. ಆ ದಿನದ ಸಿಟ್ಟನ್ನು ಮಾತ್ರ ನನ್ನ ಭೂಗೋಳದ ಮೇಲೆ ತೀರಿಸಿಕೊಂಡಳು.

ತಂದೆ ಬಂದಾಗ ಸುಮನಬಾಯಿ ಹೋಗಲಿಲ್ಲ. ದಸರೆಗೆ ಬರುತ್ತೇನೆಂದು ಹೇಳಿ, ಒಂದು ಕುಡಿಕೆ ಹಿಂಡಿ ಕೊಟ್ಟು ಕಳಿಸಿದರಂತೆ. ತಂದೆ ತಂದು ಬಿಟ್ಟು ಹೋದ ತೆಂಗಿನಕಾಯಿ, ಕೋಕಂಗಳಲ್ಲಿ ಅರ್ಧ ನಮ್ಮ ಮನೆಗೆ ಬಂತು. ಮಹಾದೇವಿ ವರ್ಷಗಟ್ಟಲೆ ಮುಟ್ಟದ ಒನಕೆಯನ್ನು ಸುಮನಬಾಯಿ ನಮ್ಮ ಮನೆಗೆ ಬರತೊಡಗಿದ ಎರಡನೆಯ ದಿನವೇ ಹಿಡಿದರು. ಮಹಾದೇವಿ ನನ್ನ ಕಡೆ ನೋಡಿದ ನೋಟ ಮರೆಯುವಂಥದ್ದಲ್ಲ. ಮಧ್ಯಾಹ್ನವೆಲ್ಲ ಒರಳಿನ ಮುಂದೆ ಅತ್ತೆಯದೂ ಸುಮನಬಾಯಿಯದೂ ಮಾತು. ಕುಟ್ಟುವಾಗ ಮಾತಾಡಬಾರದೆಂಬ ಕಾನೂನು ಎತ್ತ ಹೋಯಿತೋ ಗೊತ್ತಿಲ್ಲ. ಆ ಹುಡುಗಿ ಸಮುದ್ರದ ಬಗ್ಗೆ ಹೇಳುತ್ತಿದ್ದರು, ಅತ್ತೆ ಕೇಳುತ್ತಿದ್ದಳು. ಸಂಜೆ ಕಟ್ಟೆಯ ಮೇಲೆ ಕುಳಿತು ಅದನ್ನೇ ಓಣಿಯ ಹೆಂಗಸರಿಗೆ ಹೇಳುತ್ತಿದ್ದಳು. ಹೇಳುವಾಗಲೆಲ್ಲ ಸಮುದ್ರ ಇಷ್ಟಿಷ್ಟೇ ಬೆಳೆಯುತ್ತಿತ್ತು. ಕೊನೆಕೊನೆಗೆ ಅದರ ಒಂದು ತೆರೆ ಬಸವಕಲ್ಯಾಣದ ಕೋಟೆಯನ್ನು ದಾಟುವಷ್ಟಾಗಿತ್ತು.

ಆ ವರ್ಷಗಳು ನಮ್ಮ ಮನೆಯ ಒಳ್ಳೆಯ ವರ್ಷಗಳು. ಆಮೇಲೆ ಸಾಹೇಬರಿಗೆ ಕಾರವಾರಕ್ಕೇ ವರ್ಗವಾಯಿತು. ಹೊರಡುವ ದಿನ ಸುಮನಬಾಯಿ ಮನೆಗೆ ಬಂದು ಅತ್ತೆಯ ಕಾಲು ಮುಟ್ಟಿದರು. ಅತ್ತೆ ಅಗಸಿ ಹುರಿಯುತ್ತಿದ್ದವಳು ತಲೆ ಎತ್ತದೆ, “ಹೋಗಿ ಬಾ. ಉಂಡಿರು,” ಎಂದಳು. ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ಅಂದು ಸಂಜೆ ತಾಟಿನ ಮುಂದೆ ಕುಳಿತು ಎರಡು ತುತ್ತು ತಿಂದು ಎದ್ದಳು. ಮರುದಿನವೂ ಹಾಗೆಯೇ, ಆ ವಾರವೆಲ್ಲ ಹಾಗೆಯೇ. ಯಾಕೆ ಎಂದು ಕೇಳಿದರೆ ಏನಿಲ್ಲ, ಬಾಯಿಗೆ ರುಚಿಯಿಲ್ಲ ಎನ್ನುವಳು. ಅವಳಿಗೆ ಹಚ್ಚಿಕೊಳ್ಳಲು ಏನು ಕೊಡಬೇಕೆಂಬ ಪ್ರಶ್ನೆ ಈಗ ನನ್ನದಾಯಿತು. ಹೆದ್ದಾರಿಯಲ್ಲಿ ನಿಂತು ಮುಂಬಯಿ ಲಾರಿಗಳ ಡ್ರೈವರುಗಳನ್ನು ಬೇಡಿಕೊಂಡು ಕೋಕಂ, ಹಸಿ ತೆಂಗಿನಕಾಯಿ ತರಿಸಿದೆ. ಸುಮನಬಾಯಿ ಅರೆಯುವುದನ್ನು ನೋಡಿದ ನೆನಪಿನ ಮೇಲೆ ನಾನೇ ಕಲ್ಲಿನ ಮುಂದೆ ಕುಳಿತು ಅರೆದೆ. ಮಹಾದೇವಿ ಬಾಯಿಗೆ ಸೆರಗು ಇಟ್ಟುಕೊಂಡು ನೋಡಿದಳು.

ಅತ್ತೆ ರೊಟ್ಟಿಯ ಚೂರಿಗೆ ಹಚ್ಚಿ ಬಾಯಿಗಿಟ್ಟಳು. “ಹುಡುಗಿ ಕೈದಂಗ ಆಗಿಲ್ಲ,” ಎಂದಳು. ಮತ್ತೆ ಒಂದು ಚೂರು ಮುರಿದಳು. “ಹುಳಿ ಭಾಳ ಆಗ್ಯದ.” ಇನ್ನೊಂದು ಚೂರು. “ಕಾಯಿ ತರಿತರಿ ಅರದೀ. ಸಮುದ್ರದ ಕಡಿ ಹಿಂಗ ಅರಿಯಂಗಿಲ್ಲ.” ಹೀಗೆ ನನ್ನನ್ನು ಬೈಯುತ್ತ ಬೈಯುತ್ತ ರೊಟ್ಟಿ ಪೂರ್ತಿ ಉಂಡಳು. ನನಗೆ ಸಂತೋಷ ತಡೆಯಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ. “ನೀ ಯಾವಾಗ ಸಮುದ್ರಾ ನೋಡಿದ್ದಿ, ಅತ್ತಿ?” ಎಂದು ಕೇಳಿಬಿಟ್ಟೆ.

“ನೋಡೂದು ಏನದ? ನಾ ಆಕಿ ಬಾಯಿಲೆ ಕೇಳೀನಿ,” ಎಂದು ಅತ್ತೆ ಕೈ ತೊಳೆದಳು.

ಅತ್ತೆ ಹೋದ ಮೇಲೆ, ಎಂಬತ್ತರ ದಶಕದಲ್ಲಿ, ಸುಮನಬಾಯಿ ಬಹಳ ಸಲ ಕರೆದರೆಂದು ನಾನೂ ಮಹಾದೇವಿಯೂ ಕಾರವಾರಕ್ಕೆ ಹೋದೆವು. ಸಂಜೆ ಅವರೇ ನಮ್ಮನ್ನು ದಂಡೆಗೆ ಕರೆದುಕೊಂಡು ಹೋಗಿ, ನಾವಿಬ್ಬರೇ ನೋಡಲೆಂದು ಹಿಂದೆ ಉಳಿದರು. ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಅಂಚಿನಲ್ಲಿ ನಿಂತೆವು. ತೆರೆಗಳು ಬಂದು ಕಾಲು ತೊಳೆದು ಹೋಗುತ್ತಿದ್ದವು. ಬಹಳ ಹೊತ್ತು ನೋಡಿದ ಮೇಲೆ, ಓದಿದವನ ಗತ್ತಿನಲ್ಲಿ, “ಚಲೋ ಅದ. ಆದ್ರ ಅತ್ತಿ ಹೇಳತಿದ್ದಷ್ಟು ದೊಡ್ಡದೇನಿಲ್ಲ ಬಿಡು,” ಎಂದೆ.

ಮಹಾದೇವಿ ನೀರಿನಿಂದ ಕಣ್ಣು ಕೀಳದೆ ಹೇಳಿದಳು: “ನೀವು ಬರೇ ಕಣ್ಣಿಲೆ ನೋಡಾಕತ್ತೀರಿ, ಅದಕ್ಕ.”